ಎರಡು ವಿಮಾನಗಳ ನಡುವೆ ಐವತ್ತು ನಿಮಿಷ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ಪ್ರಯಾಣಪಟ್ಟಿಗಳನ್ನು ಕೈಯಲ್ಲಿ ಹಿಡಿದು ನಮ್ಮಲ್ಲಿಗೆ ಬಂದನು. ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೊರಟಿದ್ದ ಅವನು ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಬೇಕಾಗಿತ್ತು. ಒಂದು ಪಟ್ಟಿಯಲ್ಲಿ ಎರಡು ವಿಮಾನಗಳ ನಡುವಣ ಬಿಡುವು 50 ನಿಮಿಷ. ಇನ್ನೊಂದರಲ್ಲಿ ಮೂರು ಗಂಟೆ. ಅವನು ತಲಪುವ ದಿನ ಶುಕ್ರವಾರ. ಸಂಜೆ ನಾಲ್ಕರೊಳಗೆ ವಿದ್ಯಾರ್ಥಿನಿಲಯದ ಬೀಗದ ಕೈ ಪಡೆಯದಿದ್ದರೆ ಸೋಮವಾರದವರೆಗೆ ಕೊಠಡಿ ದೊರೆಯದು. ಮೊದಲ ವಿಮಾನ ತಪ್ಪಿದರೆ ಮುಂದಿನದರಲ್ಲಿ ಸ್ಥಳವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. “ನಾನು ಚೆನ್ನಾಗಿ ಓಡಬಲ್ಲೆ, ಸಾರ್. ಐವತ್ತು ನಿಮಿಷ ಸಾಲದೆ?” ಎಂಬುದು ಅವನ ಪ್ರಶ್ನೆ.

ಇಷ್ಟು ಕಿರಿದಾದ ಬಿಡುವನ್ನು ವಿಮಾನ ಸಂಸ್ಥೆಗಳು ಏಕೆ ಇಡುತ್ತವೆ? ಉತ್ತರವು ಸರಳ ಗುಣಾಕಾರದಲ್ಲಿದೆ. ಒಂದು ಗಂಟೆಯೊಳಗೆ 40 ವಿಮಾನಗಳು ಬಂದಿಳಿದು, ಮುಂದಿನ ಗಂಟೆಯಲ್ಲಿ 40 ವಿಮಾನಗಳು ಹೊರಟರೆ, ಊರಿನಿಂದ ಊರಿಗೆ 40 × 40, ಎಂದರೆ 1,600 ಬಗೆಯ ಪ್ರಯಾಣಗಳು ಸಾಧ್ಯವಾಗುತ್ತವೆ. ಅವೇ ವಿಮಾನಗಳನ್ನು ದಿನವಿಡೀ ಹರಡಿದರೆ ಬಹುಮಂದಿ ಗಂಟೆಗಟ್ಟಲೆ ಕಾಯಬೇಕಾದೀತು. ಆದುದರಿಂದ ವಿಮಾನಗಳು ಅಲೆಅಲೆಯಾಗಿ ಬಂದು ಹೋಗುವಂತೆ ವೇಳಾಪಟ್ಟಿಯನ್ನು ಹೆಣೆಯುತ್ತಾರೆ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಲು ಸಾಮಾನ್ಯವಾಗಿ ಗೊತ್ತುಮಾಡಿರುವ ಕನಿಷ್ಠ ಅವಧಿ 45 ನಿಮಿಷ. 50 ಅದಕ್ಕಿಂತ ಹೆಚ್ಚಾದುದರಿಂದ ಟಿಕೆಟ್ಟು ಮಾರಲು ಅಡ್ಡಿಯಿಲ್ಲ. ಆದರೆ ಬದಲಾವಣೆಯನ್ನು ಸುಲಭಗೊಳಿಸುವ ಆ ಅಲೆಯೇ ನೂಕುನುಗ್ಗಲನ್ನೂ ಹೊತ್ತು ತರುತ್ತದೆ.

ಈಗ 50 ನಿಮಿಷಗಳನ್ನು ಖರ್ಚುಮಾಡಿ ನೋಡೋಣ. ಹೊರಡುವ ವೇಳೆಗೆ ಸುಮಾರು ಕಾಲು ಗಂಟೆ ಮೊದಲೇ ವಿಮಾನದ ಗೇಟನ್ನು ಮುಚ್ಚುವುದು ರೂಢಿ, ಉಳಿದುದು 35. ಹಿಂದಿನ ಸಾಲಿನಲ್ಲಿ ಕುಳಿತವನು ಹೊರಬರಲು 10 ನಿಮಿಷ, ಉಳಿದುದು 25. ಗಂಟೆಗೆ 5 ಕಿಲೋಮೀಟರಿನಂತೆ 900 ಮೀಟರು ನಡೆದರೆ 11 ನಿಮಿಷ, ಉಳಿದುದು 14. ಈ ಹದಿನಾಲ್ಕರಲ್ಲಿ ಪಾಸ್‌ಪೋರ್ಟು ತನಿಖೆ, ಭದ್ರತಾ ತಪಾಸಣೆ ಎರಡೂ ಮುಗಿಯಬೇಕು.

ಸರದಿಯ ಸಾಲುಗಳನ್ನು ಮೊದಲು ಗಣಿತಕ್ಕೆ ಒಳಪಡಿಸಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ನಿನ ಟೆಲಿಫೋನ್ ಸಂಸ್ಥೆಯಲ್ಲಿದ್ದ ಅವನು 1909ರಲ್ಲಿ ಕರೆಗಳ ದಟ್ಟಣೆಯನ್ನು ಕುರಿತು ಲೇಖನ ಪ್ರಕಟಿಸಿದನು. ಈ ಗಣಿತದ ಅತಿ ಸರಳ ರೂಪದಲ್ಲಿ ಕಿಟಕಿ ಒಂದೇ. ಜನರು ಅನಿಯತವಾಗಿ ಬರುತ್ತಾರೆ. ಒಬ್ಬನಿಗೆ ಸರಾಸರಿ ಒಂದು ನಿಮಿಷ ಬೇಕು. ಕಿಟಕಿಯ ಸಾಮರ್ಥ್ಯದಲ್ಲಿ ಶೇಕಡ 80 ಬಳಕೆಯಾಗುತ್ತಿದ್ದರೆ ಕಾಯುವ ಕಾಲ ಸರಾಸರಿ 4 ನಿಮಿಷ. ಶೇಕಡ 90 ಆದರೆ 9. ಶೇಕಡ 95 ಆದರೆ 19! ಜನರು ಹೆಚ್ಚಿದುದು ಸ್ವಲ್ಪವೇ, ಕಾಯುವಿಕೆ ಬೆಳೆದುದು ಐದು ಪಾಲಿನಷ್ಟು. ಬ್ಯಾಂಕಿನಲ್ಲಿಯೂ ರೈಲ್ವೆ ಕೌಂಟರಿನಲ್ಲಿಯೂ ಇದನ್ನು ನಾವೆಲ್ಲರೂ ಅನುಭವಿಸಿ ಗುಮಾಸ್ತನನ್ನು ಬೈದಿದ್ದೇವೆ.

ಮೊದಲ ವಿಮಾನವು ಹೇಳಿದ ಕಾಲಕ್ಕೆ ಬಂದೀತೆಂಬುದಕ್ಕೆ ಏನು ಭರವಸೆ? ಭೂಮಿಯ ಸಮಶೀತೋಷ್ಣ ವಲಯಗಳಲ್ಲಿ ಸುಮಾರು 10 ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹಗಳೆಂಬ ಗಾಳಿಯ ನದಿಗಳು ಹರಿಯುತ್ತವೆ. ಅವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದೂ ಉಂಟು. ಜಪಾನಿನ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿಯೇ ಬೆಲೂನುಗಳನ್ನು ಹಾರಿಸಿ ಇವನ್ನು ಅಳೆದಿದ್ದನು. ಆದರೆ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದುದರಿಂದ ಓದಿದವರು ವಿರಳ. ಯುರೋಪಿಗೆ ಹೋಗುವ ನಮ್ಮ ವಿಮಾನಕ್ಕೆ ಇದು ಎದುರುಗಾಳಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ದೂರ ಸುಮಾರು 7,400 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರಿನಂತೆ ಅದು 8 ಗಂಟೆ 13 ನಿಮಿಷಗಳ ದಾರಿ. ದಾರಿಯುದ್ದಕ್ಕೂ 50 ಕಿಲೋಮೀಟರಿನ ಎದುರುಗಾಳಿ ಇದ್ದರೆ 8 ಗಂಟೆ 42 ನಿಮಿಷ. ವೇಳಾಪಟ್ಟಿಯಲ್ಲಿ ಸರಾಸರಿ ಗಾಳಿಗೆ ಅವಕಾಶವಿರುತ್ತದೆ, ನಿಜ. ಆದರೆ ಅಂದಿನ ಗಾಳಿ ಸರಾಸರಿಯದಲ್ಲ.

ಗಾಳಿಯ ಉಪಟಳ ನೆಲದ ಬಳಿಯೂ ತಪ್ಪಿದ್ದಲ್ಲ. ಹಾರುವ ವಿಮಾನದ ರೆಕ್ಕೆಗಳ ತುದಿಗಳಿಂದ ಎರಡು ಪ್ರಬಲ ಸುಳಿಗಳು ಹೊರಟು ಹಿಂದೆ ಉಳಿಯುತ್ತವೆ. ಹಿಂಬಾಲಿಸುವ ಚಿಕ್ಕ ವಿಮಾನವನ್ನು ಅವು ಮಗುಚಿಬಿಡಬಲ್ಲವು. ಆದುದರಿಂದ ಭಾರಿ ವಿಮಾನದ ಹಿಂದೆ ಇಳಿಯುವ ಮಧ್ಯಮ ಗಾತ್ರದ ವಿಮಾನವು 5 ನಾವಿಕ ಮೈಲಿ, ಸುಮಾರು 9.3 ಕಿಲೋಮೀಟರು, ದೂರದಲ್ಲಿರಬೇಕೆಂಬುದು ರೂಢಿಯ ನಿಯಮ. ಗಂಟೆಗೆ 260 ಕಿಲೋಮೀಟರಿನಂತೆ ಈ ಅಂತರಕ್ಕೆ 2 ನಿಮಿಷ 8 ಸೆಕೆಂಡು ಸಾಕು. ಎದುರುಗಾಳಿ 50 ಕಿಲೋಮೀಟರಿನದಾದರೆ ನೆಲದ ಮೇಲಣ ವೇಗ 210ಕ್ಕೆ ಇಳಿದು, ಅದೇ ಅಂತರಕ್ಕೆ 2 ನಿಮಿಷ 39 ಸೆಕೆಂಡು ಬೇಕು. ಒಂದೊಂದು ವಿಮಾನಕ್ಕೂ ಅರ್ಧ ನಿಮಿಷದಂತೆ ನಷ್ಟ ಬೆಳೆದು, ಹಿಂದಿನವು ಆಕಾಶದಲ್ಲಿ ಸುತ್ತುತ್ತಿರಬೇಕಾಗುತ್ತದೆ. ಸುಳಿಯನ್ನೂ ಗಾಳಿ ಬೇಗ ಚದುರಿಸುವುದಷ್ಟೆ? ಇದನ್ನು ಮನಗಂಡು ಲಂಡನ್ನಿನ ಹೀತ್ರೋದಲ್ಲಿ 2015ರಿಂದ ದೂರಕ್ಕೆ ಬದಲಾಗಿ ಕಾಲವನ್ನೇ ಅಂತರದ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಬಹಳ ಜಾಣತನದ ಸುಧಾರಣೆ ಇದು.

ಇನ್ನು ಓಟದ ಮಾತು. ಲೆಕ್ಕಕ್ಕೆಂದು, ಆಕಾಶದಲ್ಲಿ ಆಗುವ ಏರುಪೇರಿನ ಮಾನಕ ವಿಚಲನೆ 12 ನಿಮಿಷ, ನಿಲ್ದಾಣದೊಳಗಿನದು 5 ನಿಮಿಷ ಎಂದಿಟ್ಟುಕೊಳ್ಳೋಣ. ಒಂದನ್ನೊಂದು ಅವಲಂಬಿಸದ ಏರುಪೇರುಗಳಲ್ಲಿ ಕೂಡುವುದು ವರ್ಗಗಳು: 144 + 25 = 169; ಒಟ್ಟು ವಿಚಲನೆ 13. ಸಾಲಿನಲ್ಲಿ ಸರಾಸರಿ 9 ನಿಮಿಷ ಕಾದರೆ ನಮ್ಮ ಹದಿನಾಲ್ಕರಲ್ಲಿ ಉಳಿಯುವ ಮಿಗತೆ 5 ನಿಮಿಷ ಮಾತ್ರ. ಗಂಟೆಯಾಕಾರದ ವಕ್ರರೇಖೆಯ ಕೋಷ್ಟಕವನ್ನು ನೋಡಿದರೆ, ಮೂರರಲ್ಲಿ ಒಂದು ಬಾರಿ ವಿಮಾನ ತಪ್ಪುವ ಸಂಭವವಿದೆ! ಗಂಟೆಗೆ 8 ಕಿಲೋಮೀಟರಿನಂತೆ ಓಡಿದರೆ ಉಳಿಯುವುದು 4 ನಿಮಿಷ; ಆಗಲೂ ನಾಲ್ಕರಲ್ಲಿ ಒಂದು ಬಾರಿ ತಪ್ಪೀತು. ನಿಲ್ದಾಣದೊಳಗಿನ ಏರುಪೇರನ್ನು ಪೂರ್ತಿಯಾಗಿ ಅಳಿಸಿಹಾಕಿದರೂ 13 ಇಳಿದು 12 ಆಗುವುದಷ್ಟೆ. ಸೋಲುಗೆಲುವಿನ ಬಹುಭಾಗ ಅವನು ಇನ್ನೂ ಕುರ್ಚಿಗೆ ಪಟ್ಟಿ ಬಿಗಿದು ಕುಳಿತಿರುವಾಗಲೇ ತೀರ್ಮಾನವಾಗಿರುತ್ತದೆ.

ಅವನು ಮೂರು ಗಂಟೆಯ ಬಿಡುವನ್ನೇ ಆರಿಸಿಕೊಂಡನು. ಅಂದು ವಿಮಾನವು ಇಪ್ಪತ್ತು ನಿಮಿಷ ಮೊದಲೇ ಇಳಿಯಿತೆಂದೂ, ತಪಾಸಣೆಯ ಸಾಲಿನಲ್ಲಿ ನಾಲ್ಕೇ ಮಂದಿ ಇದ್ದರೆಂದೂ ಆಮೇಲೆ ಸ್ವಲ್ಪ ಚುಚ್ಚುಮಾತಿನಲ್ಲಿಯೇ ಬರೆದನು. ಹೊತ್ತು ಹೋಗದೆ ಗಾಜಿನ ಗೋಡೆಯ ಪಕ್ಕದಲ್ಲಿ ಕುಳಿತು, ಇಳಿಯುವ ವಿಮಾನಗಳ ನಡುವಣ ಕಾಲವನ್ನು ಕೈಗಡಿಯಾರದಿಂದ ಅಳೆದನಂತೆ. ದೊಡ್ಡದರ ಹಿಂದೆ ಚಿಕ್ಕದು ಬಂದಾಗ ಅದು 2 ನಿಮಿಷ 20 ಸೆಕೆಂಡು ಇತ್ತು. ಬೀಗದ ಕೈ ಎರಡು ಗಂಟೆಗೆ ಸಿಕ್ಕಿತು.