ಪ್ಲೇಬಾಯ್ ಎಂಬ ಪದವೂ ನಮ್ಮೂರ ಬ್ರಹ್ಮಚಾರಿಯೂ

ಪಾಲಾರಿವಟ್ಟಂನಲ್ಲಿ ಬಾಡಿಗೆಮನೆ ಹುಡುಕಿದವರೆಲ್ಲರೂ ಈ ಪ್ರಶ್ನೆಯನ್ನು ಬಲ್ಲರು: “ಫ್ಯಾಮಿಲಿಯಾಣೋ, ಬ್ಯಾಚಿಲರಾಣೋ?” ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಸಿಕ್ಕಿ ಬಂದ ನಮ್ಮ ಬಂಧುವೊಬ್ಬರ ಮಗನಿಗಾಗಿ ನಾವೂ ಮೆಟ್ರೊ ನಿಲ್ದಾಣದ ಸುತ್ತಿನ ಓಣಿಗಳನ್ನೆಲ್ಲ ಅಲೆದೆವು. ಹುಡುಗ ಬೀಡಿ ಮುಟ್ಟಿದವನಲ್ಲ. ಏಕಾದಶಿಯ ದಿನ ಅವಲಕ್ಕಿ ತಿಂದು ಮಲಗುವವನು. ಆದರೂ ಮೂರು ಮನೆಗಳಲ್ಲಿ ಬಾಗಿಲು ಅರ್ಧವಷ್ಟೇ ತೆರೆಯಿತು. ನಾಲ್ಕನೆಯ ಮನೆಯ ಯಜಮಾನರಂತೂ ನಗುತ್ತಲೇ, “ಈಗಿನ ಹುಡುಗರೆಲ್ಲ ಪ್ಲೇಬಾಯ್‌ಗಳು!” ಎಂದುಬಿಟ್ಟರು. ಹುಡುಗನ ಮುಖ ಬಾಡಿತು.

ಯಜಮಾನರ ಬಾಯಿಗೆ ಈ ಪದ ಬಂದ ದಾರಿ ಬಹಳ ದೂರದ್ದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದರ ಅರ್ಥ ನಾಟಕದಲ್ಲಿ ಪಾತ್ರ ಮಾಡುವ ಹುಡುಗ ಎಂದಷ್ಟೆ. 1907ರಲ್ಲಿ ಐರ್ಲೆಂಡಿನ ನಾಟಕಕಾರ ಸಿಂಜ್ ತನ್ನ ನಾಟಕದ ಹೆಸರಿನಲ್ಲೇ ಅದನ್ನು ಇಟ್ಟುಕೊಂಡ. ತಂದೆಯನ್ನು ಕೊಂದೆನೆಂದು ಜಂಬ ಕೊಚ್ಚಿ ಹಳ್ಳಿಯ ಹೆಂಗಸರ ಮನಗೆದ್ದ ಹುಡುಗನ ಕಥೆ ಅದು. ಡಬ್ಲಿನ್ನಿನ ಪ್ರೇಕ್ಷಕರು ರೊಚ್ಚಿಗೆದ್ದು ಗಲಭೆಯನ್ನೇ ಮಾಡಿದರು. 1953ರಲ್ಲಿ ಶಿಕಾಗೋದಲ್ಲಿ ಹ್ಯೂ ಹೆಫ್ನರ್ ತನ್ನ ಪತ್ರಿಕೆಗೆ ಅದೇ ಹೆಸರಿಟ್ಟ ಮೇಲೆ ಪದಕ್ಕೆ ಹಿಡಿತವೇ ಇಲ್ಲದಾಯಿತು. ಫ್ರೆಂಚರು, ಇಟಲಿಯವರು, ಜಪಾನಿಗಳು ಎಲ್ಲರೂ ಹಾಗೆಯೇ ಎತ್ತಿಕೊಂಡರು.

ನಮ್ಮಲ್ಲಿ ಇಂಥವನಿಗೆ ಪದಗಳಿಗೇನು ಬರವೆ? ಶೋಕಿಲಾಲ, ಪೋಲಿ, ಪೋಕರಿ. ಸಂಸ್ಕೃತ ಓದಿದವರಿಗೆ ವಿಟ. ತಮಿಳರು ಇಂಗ್ಲಿಷಿನಿಂದಲೇ ತೆಗೆದುಕೊಂಡರೂ ಜಾಣತನ ತೋರಿದರು. ಅವರು ಅವನನ್ನು ‘ಮೈನರ್’ ಎನ್ನುತ್ತಾರೆ. ಅಪ್ರಾಪ್ತವಯಸ್ಸಿನಲ್ಲೇ ಜಮೀನುದಾರಿಕೆಗೆ ಬಾಧ್ಯನಾದ ಹುಡುಗನಿಗಿದ್ದ ಕೋರ್ಟಿನ ಮಾತು, ಅವನ ಷೋಕಿಗೇ ಹೆಸರಾಯಿತು. ಕೊರಳಲ್ಲಿ ತೂಗುವ ಚಿನ್ನದ ಸರ ‘ಮೈನರ್ ಚೈನ್’ ಆಯಿತು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮಲೆಯಾಳದ ‘ಪೂವಾಲನ್’. ಹಳಗನ್ನಡದ ‘ಪೂ’ವನ್ನೂ ನಮ್ಮ ‘ಬಾಲ’ವನ್ನೂ ನೆನೆದರೆ ಸಾಕು, ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ: ಹೂಬಾಲದವ! ಚಂದದ ಹೆಸರೆಂದು ಮೋಸಹೋಗಬೇಡಿ. ಹೆಣ್ಣುಮಕ್ಕಳ ಬೆನ್ನುಹತ್ತುವವನನ್ನು ಹಾಗೆನ್ನುತ್ತಾರೆ. ಇಲ್ಲಿನ ಪತ್ರಿಕೆಗಳಲ್ಲಿ ‘ಪೂವಾಲಶಲ್ಯಂ’ ಎಂದು ಬರುತ್ತದೆ. ಶಲ್ಯವೆಂದರೆ ಉಪದ್ರವ. ಉಪದ್ರವ ಪಟ್ಟವಳೊಬ್ಬಳು ಇದ್ದಾಳೆಂಬುದನ್ನು ಆ ಪದ ಮರೆಸುವುದಿಲ್ಲ. ಇಂಗ್ಲಿಷಿನ ಪದದಲ್ಲಿ ಅವನೊಬ್ಬನೇ ಆಡುತ್ತಿರುತ್ತಾನೆ. ಅವಳ ಸುದ್ದಿಯೇ ಇಲ್ಲ. ನಮ್ಮ ಮಕ್ಕಳು ಅದನ್ನು ಹೊಗಳಿಕೆಯಂತೆ ಬಳಸುವಾಗ ನಮಗೆ ಕಸಿವಿಸಿಯಾಗುವುದು ಇದಕ್ಕೇ.

ಅಂದು ಐದನೆಯ ಮನೆಯಲ್ಲಿ ವಯಸ್ಸಾದ ಚೇಚಿಯೊಬ್ಬರು ಅದೇ ಪ್ರಶ್ನೆ ಕೇಳಿದರು. ‘ಬ್ಯಾಚಿಲರ್’ ಎನ್ನಲು ಹೆದರಿದ ಹುಡುಗ ಊರಿನ ಮಾತನ್ನೇ ಹೇಳಿದ: “ಬ್ರಹ್ಮಚಾರಿ, ಚೇಚಿ.” ನಮಗೆ ಮದುವೆಯಾಗದವನೆಲ್ಲ ಬ್ರಹ್ಮಚಾರಿಯೇ, ಮಲೆಯಾಳದಲ್ಲಿ ಹಾಗಲ್ಲ, ಅದು ವ್ರತಸ್ಥನ ಹೆಸರು. ಚೇಚಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ಆಶ್ರಮವೆಂದು ಕೇಳಿದರು. ನಾವು ನಗು ತಡೆದು ನಡುವೆ ಬಂದು ವಿವರಿಸಬೇಕಾಯಿತು. ಅವರೂ ನಕ್ಕು ಮಹಡಿಯ ಕೊಠಡಿಯ ಬೀಗದಕೈ ತಂದರು.