ಉಪ್ಪಿನ ಕಣಿವೆಯಿಂದ ಹಿಮದ ಬೆಟ್ಟಕ್ಕೆ

ಮಕ್ಕಳನ್ನು ನೋಡಲೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ನೋಡಿ ಬರುವುದು ಸಮುದ್ರ, ಸೇತುವೆ ಮತ್ತು ದೊಡ್ಡ ಅಂಗಡಿಗಳನ್ನು. ನಾಲ್ಕು ದಿನ ಬಿಡುವಿದ್ದರೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಡೆತ್ ವ್ಯಾಲಿಯಿಂದ ಸಿಯೆರಾ ನೆವಾಡ ಬೆಟ್ಟಗಳಿಗೆ ಹೋಗುವ ದಾರಿ ಬೇರೆಯೇ ಒಂದು ಲೋಕ. ಮಂಚ, ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಗಾಡಿಯೊಳಗೇ ಇರುವುದರಿಂದ ವಯಸ್ಸಾದವರಿಗೂ ಅನುಕೂಲ. ಗಂಜಿಯನ್ನೂ ಬೇಯಿಸಿಕೊಳ್ಳಬಹುದು!

ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು. ಅಲ್ಲಿಂದ ನೇರವಾಗಿ ಅಳೆದರೆ ಸುಮಾರು 136 ಕಿ.ಮೀ. ದೂರದಲ್ಲಿ 4,421 ಮೀಟರ್ ಎತ್ತರದ ವಿಟ್ನಿ ಶಿಖರ ನಿಂತಿದೆ. ಅಲಾಸ್ಕ ಬಿಟ್ಟರೆ ಅಮೆರಿಕಾದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಕಣಿವೆಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆದ್ದರಿಂದ ಬೇಸಿಗೆಯಲ್ಲಿ ಈ ಯೋಚನೆಯೇ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯದು. ಬೇಸಿಗೆಯಲ್ಲಿ ಗಾಡಿಯನ್ನು ಅಲ್ಲಿಗೆ ಒಯ್ಯಬಾರದೆಂದು ಬಾಡಿಗೆ ಕರಾರಿನಲ್ಲೇ ಬರೆದಿರುವುದುಂಟು, ಸಹಿ ಹಾಕುವ ಮುನ್ನ ಓದಿಕೊಳ್ಳಿ. ಕುಡಿಯುವ ನೀರನ್ನು ಗಾಡಿಯ ಟ್ಯಾಂಕಿನಲ್ಲಿ ಮಾತ್ರವಲ್ಲದೆ ಬೇರೆ ಕ್ಯಾನುಗಳಲ್ಲೂ ತುಂಬಿಟ್ಟುಕೊಳ್ಳಬೇಕು. ಆರ್ಟಿಸ್ಟ್ಸ್ ಡ್ರೈವ್ ಎಂಬ ಬಣ್ಣಬಣ್ಣದ ಗುಡ್ಡಗಳ ಸುತ್ತುದಾರಿಗೆ 25 ಅಡಿಗಿಂತ ಉದ್ದದ ಗಾಡಿಗಳಿಗೆ ಪ್ರವೇಶವಿಲ್ಲ.

ಪಶ್ಚಿಮಕ್ಕೆ ಹೋಗುವ 190ನೇ ಹೆದ್ದಾರಿ ಟೌನ್ ಪಾಸ್‌ನಲ್ಲಿ 1,500 ಮೀಟರ್‌ವರೆಗೆ ಏರುತ್ತದೆ, ಪನಮಿಂಟ್ ಕಣಿವೆಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಏರುವಾಗ ಎ.ಸಿ. ಆರಿಸಿದರೆ ಇಂಜಿನ್ ಕಾಯುವುದು ಕಡಿಮೆ. ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಬರಬೇಕು; ನಮ್ಮ ಘಟ್ಟದ ಲಾರಿ ಚಾಲಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಎರಡನೆಯ ಏರಿನ ಮೇಲೊಂದು ತಂಗುನೋಟವಿದೆ. ಅದರ ಹೆಸರು ಫಾದರ್ ಕ್ರೌಲಿ ವಿಸ್ಟಾ ಪಾಯಿಂಟ್. ಮರುಭೂಮಿಯ ನಡುವೆ ಒಬ್ಬ ಗುರುಗಳ ಹೆಸರು ಹೇಗೆ ಬಂತು?

ಬೆಟ್ಟದ ಆಚೆ ಇರುವ ಓವೆನ್ಸ್ ಕಣಿವೆ ಹಿಂದೆ ತೋಟ, ಹೊಲಗಳ ನಾಡಾಗಿತ್ತು. 1913ರಲ್ಲಿ ಲಾಸ್ ಏಂಜಲೀಸ್ ನಗರವು ಸುಮಾರು 375 ಕಿ.ಮೀ. ಉದ್ದದ ಕಾಲುವೆ ಕಟ್ಟಿ ಅಲ್ಲಿನ ನದಿಯ ನೀರನ್ನು ಒಯ್ಯತೊಡಗಿತು. ಓವೆನ್ಸ್ ಸರೋವರ ಕೆಲವೇ ವರ್ಷಗಳಲ್ಲಿ ಬತ್ತಿ ಧೂಳಿನ ಬಯಲಾಯಿತು. ರೈತರು ಜಮೀನು ಮಾರಿದರು, ಊರುಗಳು ಬರಿದಾದವು. ಐರ್ಲೆಂಡಿನಲ್ಲಿ ಹುಟ್ಟಿದ ಫಾದರ್ ಜಾನ್ ಕ್ರೌಲಿ 1919ರಲ್ಲಿ ಮೊದಲು ಇಲ್ಲಿ ಸೇವೆಗೆ ಬಂದು, 1934ರಲ್ಲಿ ಮರಳಿ ಬಂದಾಗ ಕಂಡದ್ದು ಸೋತು ಕುಳಿತ ಜನರನ್ನು. ಗುಡಿಯಿಂದ ಗುಡಿಗೆ ನೂರಾರು ಮೈಲಿ ಕಾರಿನಲ್ಲಿ ಓಡಾಡಿ ಬಲಿಪೂಜೆ ಅರ್ಪಿಸುತ್ತಿದ್ದ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹೋದ ನೀರು ಹೋಯಿತು, ಬೆಟ್ಟವೂ ಮರುಭೂಮಿಯೂ ಉಳಿದಿವೆಯಲ್ಲ, ಅವನ್ನು ನೋಡಲು ಜನ ಬಂದರೆ ಊರು ಬದುಕುತ್ತದೆ ಎಂಬುದು ಅವರ ಲೆಕ್ಕಾಚಾರ. ಪತ್ರಿಕೆಗೆ ಅಂಕಣ ಬರೆದರು, ವ್ಯಾಪಾರಿಗಳನ್ನು ಒಗ್ಗೂಡಿಸಿದರು, ನೀರು ಒಯ್ದ ನಗರದವರೊಡನೆಯೇ ಕುಳಿತು ಮಾತನಾಡಿದರು. ಈ ಕೊನೆಯದು ಎಲ್ಲರಿಂದ ಆಗುವ ಕೆಲಸವಲ್ಲ.

1937ರ ಅಕ್ಟೋಬರ್‌ನಲ್ಲಿ ಡೆತ್ ವ್ಯಾಲಿಯ ಹೊಸ ರಸ್ತೆ ತೆರೆದಾಗ ‘ನೀರಿನ ಮದುವೆ’ ನಡೆಯಿತು. ವಿಟ್ನಿ ಶಿಖರದ ಬಳಿಯ ಟುಲೈನ್ಯೋ ಸರೋವರದ ನೀರನ್ನು ಸೋರೆ ಬುರುಡೆಯಲ್ಲಿ ತುಂಬಿ, ಓಟಗಾರ, ಕುದುರೆ, ಕತ್ತೆ, ರೈಲು, ಕಾರು, ವಿಮಾನ ಹೀಗೆ ಕೈಬದಲಿಸುತ್ತಾ ತಂದು ಬ್ಯಾಡ್‌ವಾಟರ್‌ಗೆ ಸುರಿದರು. ಫಾದರ್ ಕ್ರೌಲಿ ಅದರ ಮುಂದಾಳುಗಳಲ್ಲಿ ಒಬ್ಬರು. 1940ರ ಮಾರ್ಚ್ 17ರಂದು, ಸಂತ ಪ್ಯಾಟ್ರಿಕರ ಹಬ್ಬದ ದಿನವೇ, ಹೆದ್ದಾರಿಯ ಅಪಘಾತದಲ್ಲಿ ಅವರು ತೀರಿಕೊಂಡರು.

ಮುಂದೆ ಲೋನ್ ಪೈನ್ ಊರಿನಿಂದ 395ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಎಡಗಡೆ ಸಿಯೆರಾದ ಹಿಮಶಿಖರಗಳು ಸಾಲಾಗಿ ಬರುತ್ತವೆ. ದಾರಿಯಲ್ಲೇ ಮಂಜನಾರ್, ಎರಡನೆಯ ಮಹಾಯುದ್ಧ ಕಾಲದಲ್ಲಿ ಜಪಾನಿ ಮೂಲದ ಹತ್ತು ಸಾವಿರದಷ್ಟು ಜನರನ್ನು ಕೂಡಿಹಾಕಿದ್ದ ಜಾಗ. ಅಲ್ಲಿ ಒಂದು ಗಂಟೆ ಇಳಿದು ನೋಡಲೇಬೇಕು. ಬಿಷಪ್ ಊರು ದಾಟಿ ಉದ್ದನೆಯ ಏರು ಮುಗಿದ ಮೇಲೆ 2,000 ಮೀಟರ್ ಎತ್ತರದಲ್ಲಿ ನೀಲಿ ನೀರು ಕಾಣುತ್ತದೆ. 1941ರಲ್ಲಿ ಅಣೆಕಟ್ಟು ಮುಗಿದಾಗ ತುಂಬಿದ ಈ ಸರೋವರಕ್ಕೆ ಕ್ರೌಲಿ ಲೇಕ್ ಎಂದೇ ಹೆಸರಿಟ್ಟರು. ಏಪ್ರಿಲ್ ಕೊನೆಗೆ ಟ್ರೌಟ್ ಮೀನಿನ ಹಂಗಾಮು ಶುರುವಾದಾಗ ದಡದ ತುಂಬ ಜನ, ಗಾಡಿ.

ಇಲ್ಲಿ ರಾತ್ರಿ ತಂಗುವವರು ಹೊರಗಿನ ನೀರಿನ ಕೊಳವೆಯನ್ನು ಬಿಚ್ಚಿ ಖಾಲಿ ಮಾಡಿ ಮಲಗಬೇಕು. ಹಿಂದಿನ ಮಧ್ಯಾಹ್ನ ಮರುಭೂಮಿಯಲ್ಲಿ ಬೆವರಿದ್ದರೂ ಬೆಳಗಾಗುವಷ್ಟರಲ್ಲಿ ಕೊಳವೆಯೊಳಗೆ ಮಂಜುಗಡ್ಡೆ ಕಟ್ಟಿರುತ್ತದೆ.