ಹಗೇವು, ಪಡಸಾಲೆ, ಬೀಸುಕಲ್ಲು: ಹಳೆಯ ಕಂಪ್ಯೂಟರಿನ ವಯಸ್ಸು ನೋಡುವ ಬಗೆ

ಕಂಪ್ಯೂಟರಿಗೆ ಒಂದೇ ವಯಸ್ಸು ಎಂಬುದಿಲ್ಲ. ಒಂದೇ ದಿನ ಕೊಂಡು ಒಂದೇ ಡಬ್ಬಿಯೊಳಗೆ ತಿರುಪು ಬಿಗಿದು ಕೂರಿಸಿದ ಅದರ ಭಾಗಗಳಲ್ಲಿ ಕೆಲವು ತಿರುಗಿ ತಿರುಗಿ ಸವೆಯುತ್ತವೆ, ಕೆಲವು ಒಳಗಿನ ದ್ರವ ಆರಿ ಒಣಗುತ್ತವೆ, ಇನ್ನು ಕೆಲವು ಹತ್ತು ವರ್ಷ ಕಳೆದರೂ ಕೊಂಡ ದಿನ ಇದ್ದಂತೆಯೇ ಇದ್ದು, ಹೊರಗಿನ ಜಗತ್ತು ಮುಂದೆ ಸರಿದದ್ದರಿಂದ ಮಾತ್ರ ಹಳತೆನಿಸಿಕೊಳ್ಳುತ್ತವೆ. ಆದ್ದರಿಂದ ರಿಪೇರಿ ಮಾಡಿಸಬೇಕೋ ಹೊಸದು ತರಬೇಕೋ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮನೆಗಳಲ್ಲಿ ಏಳುವ ಪ್ರಶ್ನೆಗೆ ಯಂತ್ರದ ಖರೀದಿ ರಸೀದಿಯ ಮೇಲಿನ ಇಸವಿ ನೋಡಿ ಉತ್ತರ ಹೇಳಲಾಗದು; ಯಾವ ಭಾಗ ಹಳತಾಯಿತು, ಯಾವ ಬಗೆಯಲ್ಲಿ ಹಳತಾಯಿತು ಎಂದು ಆ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಬೇಕಾಗುತ್ತದೆ.

ಬಿಡಿಸಿಕೊಳ್ಳುವಾಗ ಎದುರಾಗುವ ಮೊದಲ ತೊಡಕು ಹೆಸರಿನದು. ಪರದೆಯ ಪಕ್ಕದಲ್ಲಿರುವ ಇಡೀ ತಗಡಿನ ಡಬ್ಬಿಯನ್ನು ‘ಸಿಪಿಯು’ ಎಂದು ಕರೆಯುವ ರೂಢಿ ಎಲ್ಲೆಡೆ ಇದೆ. ನಿಜವಾದ ಸಿಪಿಯು, ಅಂದರೆ ಲೆಕ್ಕ ಮಾಡುವ ಪ್ರೊಸೆಸರ್, ಆ ಡಬ್ಬಿಯೊಳಗೆ ಮದರ್‌ಬೋರ್ಡಿನ ಮೇಲೆ ಫ್ಯಾನಿನ ಕೆಳಗೆ ಅಡಗಿರುವ, ಬೆಂಕಿಪೊಟ್ಟಣದಷ್ಟೂ ಉದ್ದವಿಲ್ಲದ ಒಂದು ಚೌಕ. ಹೆಸರಿನ ಈ ಗೊಂದಲದಿಂದಾಗಿ ‘ಸಿಪಿಯು ಹೋಗಿದೆ’ ಎಂಬ ಒಂದೇ ಮಾತು ಸುಟ್ಟ ಫ್ಯೂಸಿನಿಂದ ಹಿಡಿದು ಸತ್ತ ಮದರ್‌ಬೋರ್ಡಿನವರೆಗೆ ಎಲ್ಲಕ್ಕೂ ಅನ್ವಯವಾಗುತ್ತದೆ. ಹಾಗೆ ಹೋಯಿತೆಂದು ಹೇಳಲಾಗುವ ಪ್ರೊಸೆಸರ್ ಮಾತ್ರ ಆ ಡಬ್ಬಿಯಲ್ಲಿ ಅತಿ ವಿರಳವಾಗಿ ಕೆಡುವ ಭಾಗ.

ಜೋಳದ ಸೀಮೆಯ ಹಳೆಯ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಂಡರೆ ಈ ಭಾಗಗಳ ಸಂಬಂಧ ತಿಳಿಯಾಗುತ್ತದೆ. ವರ್ಷದ ಕಾಳು ನೆಲದೊಳಗಿನ ಹಗೇವಿನಲ್ಲಿರುತ್ತದೆ, ವಾರಕ್ಕೆ ಬೇಕಾದ ಚೀಲ ಪಡಸಾಲೆಯಲ್ಲಿರುತ್ತದೆ, ಹಿಟ್ಟು ಮಾಡುವ ಬೀಸುಕಲ್ಲು ಅದರ ಪಕ್ಕದಲ್ಲಿರುತ್ತದೆ. ಹಾರ್ಡ್ ಡಿಸ್ಕ್ ಹಗೇವು. ವಿದ್ಯುತ್ ಹೋದರೂ ಅದರಲ್ಲಿದ್ದದ್ದು ಉಳಿಯುತ್ತದೆ. ರ್‍ಯಾಮ್ ಎಂಬ ತಾತ್ಕಾಲಿಕ ನೆನಪು ಪಡಸಾಲೆ; ವಿದ್ಯುತ್ ಹೋದೊಡನೆ ಅದು ಬರಿದು. ಪ್ರೊಸೆಸರ್ ಬೀಸುಕಲ್ಲು. ಹಗೇವಿನಿಂದ ಕಾಳು ತೆಗೆಯುವುದು ಸಾವಧಾನದ ಕೆಲಸವಾಗಿತ್ತು. ಬಾಯಿಯ ಕಲ್ಲುಚಪ್ಪಡಿ ಸರಿಸಿ, ಕಾಳಿನ ಉಸಿರಾಟದಿಂದ ಒಳಗೆ ತುಂಬಿದ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾದು, ಆಮೇಲೆ ಇಳಿಯಬೇಕಿತ್ತು, ಅವಸರ ಮಾಡಿದರೆ ಪ್ರಾಣಕ್ಕೇ ಅಪಾಯವಿತ್ತು. ಹಾರ್ಡ್ ಡಿಸ್ಕೂ ಹೀಗೆಯೇ ಕಾಯಿಸುತ್ತದೆ. ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ; ಬೇಕಾದ ಮಾಹಿತಿ ಸೂಜಿಯಂಥ ಓದುತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡ್ ಬೇಕು; ಓದುತಲೆಯನ್ನು ಹೊತ್ತ ತೋಳು ಸರಿಯಾದ ಸಾಲಿಗೆ ಸರಿಯಲು ಇನ್ನೂ 8–9 ಮಿಲಿಸೆಕೆಂಡ್ ಬೇಕು. ಈ 13 ಮಿಲಿಸೆಕೆಂಡುಗಳಲ್ಲಿ 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಗಡಿಯಾರ ಸುಮಾರು 4 ಕೋಟಿ ಬಾರಿ ಮಿಡಿದಿರುತ್ತದೆ. ಒಂದು ಬೊಗಸೆ ಕಾಳಿಗಾಗಿ ಬೀಸುಕಲ್ಲು 4 ಕೋಟಿ ಸುತ್ತಿನಷ್ಟು ಹೊತ್ತು ಸುಮ್ಮನೆ ಕೂತಂತಾಯಿತು.

ಹತ್ತು ವರ್ಷದ ಯಂತ್ರ ನಿಧಾನವಾಗಿದೆ ಎಂಬ ದೂರಿನಲ್ಲಿ ಹೆಚ್ಚಿನ ಪಾಲು ಈ ಕಾಯುವಿಕೆಯದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರಿನ ಬಳಕೆ ಶೇಕಡ 10ರ ಆಸುಪಾಸಿನಲ್ಲಿದ್ದು ಡಿಸ್ಕಿನ ಬಳಕೆ ಶೇಕಡ 100ಕ್ಕೆ ಅಂಟಿಕೊಂಡಿದ್ದರೆ ರೋಗ ಹಗೇವಿನದು, ಬೀಸುಕಲ್ಲಿನದಲ್ಲ. ಅಂಥ ಯಂತ್ರಕ್ಕೆ ತಿರುಗುವ ತಟ್ಟೆಯೇ ಇಲ್ಲದ, ವಿದ್ಯುತ್ ಕಣಗಳನ್ನು ಸೂಕ್ಷ್ಮ ಕೋಶಗಳಲ್ಲಿ ಸೆರೆಹಿಡಿದು ಮಾಹಿತಿ ಉಳಿಸುವ ಎಸ್‌ಎಸ್‌ಡಿ ಹಾಕಿದರೆ ಕಾಯುವ ಸಮಯ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಮಟ್ಟಕ್ಕೆ ಇಳಿಯುತ್ತದೆ. ಹಳೆಯ ಕಂಪ್ಯೂಟರಿಗೆ ಮಾಡಿಸಬಹುದಾದ ಯಾವ ಚಿಕಿತ್ಸೆಯೂ ಇದರಷ್ಟು ಫಲ ಕೊಡುವುದಿಲ್ಲ. ಇದರ ಬದಲು ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ‘ಫಾರ್ಮ್ಯಾಟ್ ಹೊಡೆಯುವ’ ಕ್ರಮ, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಅದರಿಂದ ಕೆಲವು ತಿಂಗಳು ಹಗುರವೆನಿಸಿದರೂ ತಟ್ಟೆ ಮೊದಲಿನ ವೇಗದಲ್ಲೇ ತಿರುಗುತ್ತಿರುತ್ತದೆ, ಪ್ರತಿ ತೆಗೆದಿಡದ ಕಡತಗಳು ಮಾತ್ರ ಹೋಗಿರುತ್ತವೆ.

ಪಡಸಾಲೆ ಇಕ್ಕಟ್ಟಾದರೆ ತೊಂದರೆ ಬೇರೆ ಬಗೆಯದು. ತೆರೆದ ಕೆಲಸಗಳು ರ್‍ಯಾಮ್‌ನಲ್ಲಿ ಹಿಡಿಸದಿದ್ದಾಗ ಯಂತ್ರ ಕೆಲವು ಚೀಲಗಳನ್ನು ಮತ್ತೆ ಹಗೇವಿಗೆ ಇಳಿಸಿ, ಬೇಕಾದಾಗ ಮೇಲೆತ್ತುತ್ತದೆ. 4 ಜಿಬಿ ಇದ್ದಲ್ಲಿ 8 ಜಿಬಿ ಮಾಡಿಸಿದರೆ ಈ ಓಡಾಟ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಯಂತ್ರಕ್ಕೆ ಹೊಂದುವ ಪೀಳಿಗೆಯದೇ ಬೇಕು: ಡಿಡಿಆರ್3 ರ್‍ಯಾಮ್ ಪಟ್ಟಿಗೆ 240 ಸಂಪರ್ಕ ಕಾಲುಗಳು, ಡಿಡಿಆರ್4ಕ್ಕೆ 288. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ಹವೆ ಮತ್ತು ಮಣ್ಣು ಯಂತ್ರದ ಮುದಿತನಕ್ಕೆ ತಮ್ಮದೇ ಕೈ ಹಚ್ಚುತ್ತವೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಹೊರಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ವಿಶೇಷವೇನಲ್ಲ, ಮುಚ್ಚಿದ ಡಬ್ಬಿಯ ಒಳಗೆ ಅದು ಇನ್ನೂ ಹೆಚ್ಚು. ಮದರ್‌ಬೋರ್ಡಿನ ಮೇಲೂ, ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲೂ ನಿಂತಿರುವ ಪುಟ್ಟ ಉರುಳೆಗಳು ಕೆಪಾಸಿಟರುಗಳು. ವಿದ್ಯುತ್ತನ್ನು ಕ್ಷಣಕಾಲ ತುಂಬಿಟ್ಟು ಏರಿಳಿತ ಸಮಗೊಳಿಸುವ ಇವುಗಳಲ್ಲಿ ದ್ರವವುಳ್ಳ ಬಗೆಯವುಗಳ ಆಯುಷ್ಯ, ತಾಪ 10 ಡಿಗ್ರಿ ಏರಿದಂತೆಲ್ಲ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಚಪ್ಪಟೆಯಾಗಿರಬೇಕಾದ ಅವುಗಳ ನೆತ್ತಿ ಉಬ್ಬಿದ್ದರೆ ಆಯುಷ್ಯ ಮುಗಿದಂತೆ. ಎರೆಮಣ್ಣಿನ ನುಣ್ಣನೆ ಧೂಳು ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಹೊದಿಕೆಯಂತೆ ಕೂತು ಗಾಳಿಯನ್ನು ತಡೆದಾಗ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಹಾನವಮಿಯಲ್ಲಿ ಡಬ್ಬಿಗೆ ಹೊರಗಿನಿಂದ ವಿಭೂತಿ, ಕುಂಕುಮ ಹಚ್ಚಿ ಪೂಜಿಸುವ ಮನೆಯವರು ಅದೇ ದಿನ ಪಕ್ಕದ ತಗಡು ಬಿಚ್ಚಿ ಒಳಗಿನ ಧೂಳನ್ನೂ ಕುಂಚದಿಂದ ತೆಗೆದರೆ ಪೂಜೆ ಯಂತ್ರಕ್ಕೂ ಮುಟ್ಟೀತು.

ಅಖಂಡ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಆದರೆ ಮನೆಗೆ ತಲುಪುವ ವೋಲ್ಟೇಜನ್ನು ನಿರ್ಧರಿಸುವುದು ಸ್ಥಾವರ ಎಷ್ಟು ಹತ್ತಿರವಿದೆ ಎಂಬುದಲ್ಲ, ಕೊನೆಯ ತಂತಿ ಎಷ್ಟು ಉದ್ದ ಮತ್ತು ಅದರ ಮೇಲೆ ಆ ಹೊತ್ತಿಗೆ ಎಷ್ಟು ಪಂಪ್‌ಸೆಟ್ಟುಗಳು ಓಡುತ್ತಿವೆ ಎಂಬುದು. ವೋಲ್ಟೇಜ್ ಇಳಿದಾಗ ಎಸ್‌ಎಂಪಿಎಸ್ ಅಷ್ಟೇ ಶಕ್ತಿಗಾಗಿ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಡಬ್ಬಿ ಮುಟ್ಟಿದರೆ ಜುಮ್ಮೆನ್ನುವ ಅನುಭವ ಬಹಳ ಮನೆಗಳಲ್ಲಿದ್ದು, ಅದನ್ನು ಕಂಪ್ಯೂಟರಿನ ದೋಷವೆಂದು ಎಣಿಸುವುದುಂಟು. ಸಾಮಾನ್ಯವಾಗಿ ಅದು ಅರ್ಥಿಂಗ್ ಇಲ್ಲದ್ದರ ಗುರುತು: ಗದ್ದಲ ಸೋಸಲೆಂದು ಎಸ್‌ಎಂಪಿಎಸ್‌ನಲ್ಲಿಟ್ಟ ಕೆಪಾಸಿಟರುಗಳಿಂದ ಜಿನುಗುವ ಅಲ್ಪ ಕರೆಂಟು ನೆಲದ ದಾರಿ ಸಿಗದೆ ತಗಡಿನಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಅರ್ಥಿಂಗ್ ಕೊಳವೆಯಿಂದ ದೂರ ಸರಿಯುವುದರಿಂದ, ಮಳೆಗಾಲದಲ್ಲಿ ಸರಿಯಿದ್ದ ಮನೆಯಲ್ಲೂ ಮಾರ್ಚ್ ಹೊತ್ತಿಗೆ ಈ ಜುಮ್ಮು ಮರಳಬಹುದು. ಅರ್ಥಿಂಗ್ ಕುಣಿಗೆ ನೀರು ಹಾಕುವುದು ಇದಕ್ಕೆ ಮದ್ದೇ ಹೊರತು ಹೊಸ ಕಂಪ್ಯೂಟರ್ ಅಲ್ಲ.

ಕಂಡಷ್ಟು ದೊಡ್ಡದಲ್ಲದ ರೋಗಗಳು ಇನ್ನೂ ಇವೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ದಿನಾಂಕ ತಾಳೆಯಾಗದೆ ಬ್ಯಾಂಕಿನಂಥ ಜಾಲತಾಣಗಳು ತೆರೆಯದಾಗುತ್ತವೆ, ಮನೆಯವರು ಯಂತ್ರ ಕೆಟ್ಟಿತೆಂದು ತಿಳಿಯುತ್ತಾರೆ. ಪರದೆಗೆ ಜೀವ ಬಾರದೆ ಬೀಪ್ ಸದ್ದಷ್ಟೇ ಬರುತ್ತಿದ್ದರೆ ರ್‍ಯಾಮ್ ಪಟ್ಟಿಯನ್ನು ತೆಗೆದು ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರ ಹಳೆಯ ಉಪಾಯ. ಅದು ಆಶ್ಚರ್ಯವಾಗುವಷ್ಟು ಸಲ ಫಲಿಸುತ್ತದೆ.

ರಿಪೇರಿಯ ಲೆಕ್ಕ ತಲೆಕೆಳಗಾಗುವುದು ಮದರ್‌ಬೋರ್ಡ್ ಸತ್ತಾಗ. ಪ್ರೊಸೆಸರ್ ಕೂರುವ ಸಾಕೆಟ್ಟಿನ ರೂಪ ಕೆಲವೇ ವರ್ಷಗಳಿಗೊಮ್ಮೆ ಬದಲಾಗುವುದರಿಂದ ಹಳೆಯ ಪ್ರೊಸೆಸರಿಗೆ ಹೊಂದುವ ಬೋರ್ಡು ಹೊಸದಾಗಿ ಸಿಗುವುದು ಕಷ್ಟ. ಹೊಸ ಬೋರ್ಡ್ ತಂದರೆ ಹೊಸ ಪ್ರೊಸೆಸರ್ ಬೇಕು, ಅದಕ್ಕೆ ಹೊಸ ರ್‍ಯಾಮ್ ಬೇಕು, ಕೊನೆಗೆ ಉಳಿಯುವುದು ಹಳೆಯ ತಗಡು ಮಾತ್ರ. ಬಿಚ್ಚಿದ ಯಂತ್ರದಿಂದ ತೆಗೆದ ಬೋರ್ಡು ಅಗ್ಗಕ್ಕೆ ಸಿಕ್ಕೀತು, ಆದರೆ ಅದರ ಕೆಪಾಸಿಟರುಗಳಿಗೂ ಅಷ್ಟೇ ಬೇಸಿಗೆಗಳಾಗಿರುತ್ತವೆ. ಇಂಥ ಹಂತದಲ್ಲಿ ಹೊಸದು ಕೊಳ್ಳುವುದೇ ಮೇಲು. ವಿದ್ಯುತ್ ಕೈಕೊಡುವ ಊರುಗಳಲ್ಲಿ, ಬ್ಯಾಟರಿಯನ್ನು ಒಡಲಲ್ಲೇ ಹೊತ್ತ ಲ್ಯಾಪ್‌ಟಾಪ್ ಕೊಂಡರೆ ಎರಡು–ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾದ ಯುಪಿಎಸ್ ಬ್ಯಾಟರಿಯ ಖರ್ಚೂ ತಪ್ಪುತ್ತದೆ.

ಯಾವ ಭಾಗವೂ ಸವೆಯದೆ ಬರುವ ಮುಪ್ಪು ಇದಕ್ಕಿಂತ ವಿಚಿತ್ರವಾದದ್ದು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಯಂತ್ರ ಓಡುತ್ತಲೇ ಇದ್ದರೂ, ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳನ್ನು ಮುಚ್ಚುವ ತೇಪೆಗಳು ಅದಕ್ಕೆ ತಾವಾಗಿ ಬರುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದು ಗುಪ್ತಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ 2017ರಿಂದ ಬಂದ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರನ್ನೂ ಕೇಳುತ್ತದೆ. 2016ರಲ್ಲಿ ಕೊಂಡ ಸದೃಢ ಯಂತ್ರ ಹೀಗೆ ಒಂದು ದಿನಾಂಕದಿಂದ ಹಳತಾಗುತ್ತದೆ. ಬ್ಯಾಂಕ್ ವ್ಯವಹಾರ ಮಾಡುವ ಮನೆ ಇದನ್ನು ಕಡೆಗಣಿಸಬಾರದು. ಪತ್ರ, ಲೆಕ್ಕ, ಅಂತರ್ಜಾಲಗಳಷ್ಟೇ ಬೇಕಾದವರಿಗೆ ಅದೇ ಯಂತ್ರದ ಮೇಲೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸುವ ದಾರಿ ಇದೆ, ಅದಕ್ಕೆ ಹಣ ಕೊಡಬೇಕಿಲ್ಲ, ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ.

ಅವಸರದಲ್ಲಿ ಎಸೆಯದಿರಲು ಇನ್ನೊಂದು ಕಾರಣ ತಯಾರಿಕೆಯದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಬೆಳಕಿಗೆ ತಂದ ಅಧ್ಯಯನವೊಂದರ ಪ್ರಕಾರ ಆ ಕಾಲದ ಒಂದು ಡೆಸ್ಕ್‌ಟಾಪ್ ಮತ್ತು ಅದರ ಗಾಜಿನ ಕೊಳವೆಯ ಪರದೆಯನ್ನು ಮಾಡಲು 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1500 ಕಿಲೋ ನೀರು ಬೇಕಾಗುತ್ತಿತ್ತು. ಇಂದಿನ ಯಂತ್ರಗಳ ಅಂಕಿಗಳು ಬೇರೆಯಾಗಿರಬಹುದು, ಆದರೂ ಯಂತ್ರದ ದೊಡ್ಡ ಖರ್ಚು ಅದು ಮನೆಗೆ ಬರುವ ಮೊದಲೇ ಆಗಿಹೋಗಿರುತ್ತದೆ.

ಬದಲಿಸುವುದೆಂದೇ ತೀರ್ಮಾನವಾದರೆ ಕನ್ನಡಿಗರ ಯಂತ್ರಗಳಲ್ಲಿ ನೋಡಲೇಬೇಕಾದ ವಿಷಯ ಅಕ್ಷರಗಳದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಲಗ್ನಪತ್ರಿಕೆ, ಕರಾರು, ಸಂಘದ ನಡಾವಳಿಗಳಲ್ಲಿ ಕಂಪ್ಯೂಟರ್ ಉಳಿಸಿಟ್ಟಿರುವುದು ಕನ್ನಡ ಅಕ್ಷರಗಳ ಸಂಕೇತಗಳನ್ನಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನು. ಫಾಂಟು ಅವುಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸಿರುತ್ತದೆ. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಹೊದಿಕೆ ಕಳಚಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಟ್ಟಿರುವ ಯೂನಿಕೋಡ್‌ಗೆ ಈ ಕಡತಗಳನ್ನು, ಹಳೆಯ ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ ಪರಿವರ್ತಿಸಿ, ಎರಡು ಕಡೆ ಪ್ರತಿ ತೆಗೆದಿಟ್ಟು, ಆಮೇಲೆ ಡಬ್ಬಿಯನ್ನು ಮೇಜಿನಿಂದ ಇಳಿಸಬೇಕು.